ಸಹಿ ಮಗಳದ್ದು, ಬೆರಳು ಅಮ್ಮನದ್ದು

ಓದುಗರ ಪತ್ರ (ಸಂಕ್ಷಿಪ್ತವಾಗಿ)

ಸಂಪಾದಕರೇ, ನನ್ನ ಅಮ್ಮನಿಗೆ 68 ವರ್ಷ. ತುಂಬ ವರ್ಷದಿಂದ ಶುಗರ್ ಇದೆ. ತೋಟದಲ್ಲಿ ಕಾಲಿಗೆ ಏನೋ ತಾಗಿ ಗಾಯವಾಗಿತ್ತು. ಹದಿನೈದು ದಿನ ಯಾರಿಗೂ ಹೇಳಲಿಲ್ಲ. ಬೆರಳು ಕಪ್ಪಾದ ಮೇಲೆ ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ರಾತ್ರಿ ಹನ್ನೊಂದು ಗಂಟೆಗೆ ನನ್ನಿಂದ ನಾಲ್ಕು ಕಾಗದಕ್ಕೆ ಸಹಿ ಹಾಕಿಸಿದರು. ಎಲ್ಲ ಇಂಗ್ಲಿಷಿನಲ್ಲಿತ್ತು. "ಗಾಯ ಕ್ಲೀನ್ ಮಾಡ್ತೇವೆ" ಅಂದರು. ಅಮ್ಮನಿಗೆ ಹೆದರಿಕೆ ಆಗುತ್ತದೆ ಅಂತ ನಾವೇ, "ಅವರ ಹತ್ತಿರ ಏನೂ ಹೇಳಬೇಡಿ" ಅಂದಿದ್ದೆವು. ಅವರು ಆಗಲೂ ಗಂಜಿ ಬೇಕು ಅಂತ ಕೇಳುತ್ತಿದ್ದರು. ಮರುದಿನ ಆಪರೇಷನ್ ಆಗಿ ಹೊರಗೆ ತಂದಾಗ ಎರಡು ಬೆರಳು ಇರಲಿಲ್ಲ. ನನ್ನ ತಮ್ಮ ಡ್ಯೂಟಿ ಡಾಕ್ಟರ ಮೇಲೆ ಕೂಗಾಡಿದ, ಕೈ ಎತ್ತಲಿಕ್ಕೂ ಹೋದ. ಅಮ್ಮ ಮೂರು ತಿಂಗಳಿಂದ ಶುಗರ್ ಮಾತ್ರೆ ಬಿಟ್ಟು ಕಷಾಯ ಕುಡಿಯುತ್ತಿದ್ದದ್ದನ್ನು ಬೈಯುತ್ತಾರೆ ಅಂತ ನಾವೂ ಹೇಳಿರಲಿಲ್ಲ. ಈಗ ಫೈಲಿನ ಪ್ರತಿ ಕೇಳಿದರೆ "ಹಾಗೆಲ್ಲ ಕೊಡಲಿಕ್ಕೆ ಆಗುವುದಿಲ್ಲ" ಅಂತಾರೆ. ಬೇರೆ ಡಾಕ್ಟರಿಗೆ ತೋರಿಸಿದರೆ ಇವರಿಗೆ ಬೇಸರ ಆದೀತಾ? ನಮಗೆ ಏನಾದರೂ ಹಕ್ಕು ಅಂತ ಇದೆಯಾ? ಅಮ್ಮ ಸರಿಯಾಗಿ ಮಾತಾಡುತ್ತಿಲ್ಲ. ದಯವಿಟ್ಟು ಹೆಸರು ಹಾಕಬೇಡಿ.
— ಬಂಟ್ವಾಳ ಕಡೆಯ ಓದುಗರೊಬ್ಬರು

ಸಂಪಾದಕರ ಉತ್ತರ

ಪ್ರಿಯ ಸೋದರಿ,

ಮೊದಲು ನಿಮಗೆ ಈ ವಾರವೇ ಬೇಕಾದ ಎರಡು ಉತ್ತರ ಕೊಟ್ಟುಬಿಡುತ್ತೇನೆ.

ಫೈಲಿನ ಪ್ರತಿ ನಿಮಗೆ ಸಿಗಲೇಬೇಕು. ವೈದ್ಯರ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ರೋಗಿಯೋ ರೋಗಿ ಒಪ್ಪಿಗೆ ಕೊಟ್ಟವರೋ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಲೇಬೇಕು. ಆದ್ದರಿಂದ ಕೌಂಟರಿನಲ್ಲಿ ನಿಂತು ಬಾಯಿಮಾತಲ್ಲಿ ಕೇಳಬೇಡಿ. ಒಂದು ಬಿಳಿ ಹಾಳೆಯಲ್ಲಿ ಅಮ್ಮನ ಹೆಸರು, ಆಸ್ಪತ್ರೆ ನಂಬರು, ಸೇರಿದ ದಿನ, ಬಿಟ್ಟ ದಿನ ಬರೆಯಿರಿ. ಕೇಸ್ ಶೀಟು, ಆಪರೇಷನ್ ನೋಟ್ಸ್, ಸಹಿ ಹಾಕಿದ ಕಾಗದಗಳು, ಲ್ಯಾಬ್ ರಿಪೋರ್ಟು ಎಲ್ಲದರ ಪ್ರತಿ ಬೇಕು ಅಂತ ಹೇಳಿ. ಎರಡು ಪ್ರತಿ ಮಾಡಿ, ಒಂದನ್ನು ಅವರಿಗೆ ಕೊಟ್ಟು ಇನ್ನೊಂದಕ್ಕೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಝೆರಾಕ್ಸಿನ ದುಡ್ಡು ಕೇಳಿದರೆ ಕೊಡಿ. ಆ ಅರ್ಜಿಗೆ ಸಹಿ ನಿಮ್ಮ ಅಮ್ಮನದ್ದೇ ಇರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬೇರೆ ಡಾಕ್ಟರಿಗೆ ತೋರಿಸುವುದು ನಿಮ್ಮ ಇಷ್ಟ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ ಹಕ್ಕುಗಳ ಸನ್ನದು ಅಂತ ಒಂದು ಪಟ್ಟಿ ಮಾಡಿತು. ಅದರಲ್ಲಿ 17 ಹಕ್ಕುಗಳಿವೆ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಅವುಗಳಲ್ಲಿ ಒಂದು. ಒಳ್ಳೆಯ ಡಾಕ್ಟರಿಗೆ ಇದರಿಂದ ಬೇಸರ ಆಗುವುದಿಲ್ಲ. ಆದರೂ ಆಗಲಿ, ಕಾಲು ಅಮ್ಮನದ್ದಲ್ವಾ? ಶುಗರ್ ಇರುವವರ ಕಾಲಿನ ಗಾಯ ಒಂದು ಆಪರೇಷನ್ನಿಗೆ ಮುಗಿಯುವುದೂ ಇಲ್ಲ. ರಕ್ತ ಓಡಾಟ ಸರಿ ಇದೆಯಾ, ಪಾದಕ್ಕೆ ಸ್ಪರ್ಶ ತಿಳಿಯುತ್ತದಾ, ಇದನ್ನೆಲ್ಲ ಇನ್ನೊಬ್ಬರು ನೋಡಿದರೆ ಒಳ್ಳೆಯದೇ.

ಇನ್ನು ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲಿಗೆ ಬರುತ್ತೇನೆ. "ಅವರು ಆಗಲೂ ಗಂಜಿ ಬೇಕು ಅಂತ ಕೇಳುತ್ತಿದ್ದರು."

ಅಂದರೆ ಆ ರಾತ್ರಿ ಅಮ್ಮನಿಗೆ ಪೂರ್ತಿ ಎಚ್ಚರ ಇತ್ತು. ಹಸಿವಾಗುತ್ತಿತ್ತು, ಮಾತಾಡುತ್ತಿದ್ದರು. ಕಾಲು ಅವರದ್ದು, ಬೆರಳು ಅವರದ್ದು. ಕಾಗದ ಮಾತ್ರ ನಿಮ್ಮ ಕೈಗೆ ಬಂತು.

2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಡೆಲ್ಲಿಯ 44 ವರ್ಷದ ಒಬ್ಬ ಮಹಿಳೆಯ ಪ್ರಕರಣ. ಹೊಟ್ಟೆಯೊಳಗೆ ಏನಾಗಿದೆ ಎಂದು ಕೊಳವೆ ಹಾಕಿ ನೋಡುವ ಪರೀಕ್ಷೆಗೆ ಅವರು ಒಪ್ಪಿದ್ದರು. ಅರಿವಳಿಕೆ ಕೊಟ್ಟ ಮೇಲೆ ಡಾಕ್ಟರು ಗರ್ಭಕೋಶ, ಅಂಡಾಶಯ ತೆಗೆಯಬೇಕು ಅಂತ ತೀರ್ಮಾನ ಮಾಡಿದರು. ಹೊರಗೆ ಕಾಯುತ್ತಿದ್ದ ಅವರ ತಾಯಿಯ ಒಪ್ಪಿಗೆ ತಗೊಂಡು ತೆಗೆದೂಬಿಟ್ಟರು. ಆ ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂತ ಕೋರ್ಟ್ ಹೇಳಿತು. ಮಗಳು ವಯಸ್ಕಳು, ಬುದ್ಧಿ ಸರಿ ಇದ್ದವಳು, ಸ್ವಲ್ಪ ಹೊತ್ತು ಪ್ರಜ್ಞೆ ಇರಲಿಲ್ಲ ಅಷ್ಟೇ. ಅವಳಿಗೆ ಎಚ್ಚರ ಬರುವ ತನಕ ಕಾಯಬಹುದಿತ್ತು. ಕಾಯುವುದರಿಂದ ಜೀವಕ್ಕೆ ಅಪಾಯ ಇರಲಿಲ್ಲ.

ಒಪ್ಪಿಗೆ ಅಂದರೆ ಏನು ಅಂತಲೂ ಅದೇ ತೀರ್ಪು ಬಿಡಿಸಿ ಹೇಳಿದೆ. ಏನು ಮಾಡುತ್ತೇವೆ, ಯಾಕೆ, ಅದರಿಂದ ಏನು ಪ್ರಯೋಜನ, ಬೇರೆ ದಾರಿ ಇದೆಯಾ, ದೊಡ್ಡ ಅಪಾಯ ಏನು, ಮಾಡದೆ ಬಿಟ್ಟರೆ ಏನಾದೀತು. ಇಷ್ಟನ್ನು ರೋಗಿಗೆ ಹೇಳಿದ ಮೇಲೆ ಬರುವ "ಹೂಂ" ಮಾತ್ರ ಒಪ್ಪಿಗೆ. ಒಂದು ಕೆಲಸಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲುವುದಿಲ್ಲ. ಗಾಯ ಕ್ಲೀನ್ ಮಾಡಲಿಕ್ಕೆ ಅಂತ ತಗೊಂಡ ಸಹಿ ಬೆರಳು ತೆಗೆಯಲಿಕ್ಕೆ ಸಾಕಾಗುವುದಿಲ್ಲ ಅಂತ ನನಗೆ ಅನ್ನಿಸುವುದು ಈ ಕಾರಣಕ್ಕೆ.

ಹಾಗಂತ ಆ ಆಸ್ಪತ್ರೆ ತಪ್ಪು ಮಾಡಿದೆ ಅಂತ ಇಲ್ಲಿ ಕೂತು ನಾನು ಹೇಳಲಾರೆ. ಅದೇ ತೀರ್ಪಿನಲ್ಲಿ ಒಂದು ವಿನಾಯಿತಿ ಇದೆ. ಆಪರೇಷನ್ ಮಧ್ಯೆ, ಆಗಲೇ ಮಾಡದಿದ್ದರೆ ಜೀವಕ್ಕೋ ಆರೋಗ್ಯಕ್ಕೋ ಅಪಾಯ ಅಂತ ಕಂಡರೆ ಡಾಕ್ಟರು ಕಾಯಬೇಕಾಗಿಲ್ಲ. ಶುಗರ್ ಇರುವವರ ಕಾಲಿನಲ್ಲಿ ಸತ್ತ ಬೆರಳನ್ನು ಬಿಟ್ಟರೆ ಸೋಂಕು ಮೇಲೆ ಏರುತ್ತದೆ. ಎರಡು ಬೆರಳು ಉಳಿಸಲಿಕ್ಕೆ ಹೋಗಿ ಪಾದ ಕಳಕೊಂಡವರಿದ್ದಾರೆ. ಒಳಗೆ ಏನು ಕಂಡಿತು ಅಂತ ಆಪರೇಷನ್ ನೋಟ್ಸಿನಲ್ಲಿ ಬರೆದಿರಬೇಕು. ಅದಕ್ಕೇ ಮೊದಲು ಫೈಲು ತರಿಸಿಕೊಳ್ಳಿ ಅಂದದ್ದು. ನೀವು ಸಹಿ ಹಾಕಿದ ಆ ನಾಲ್ಕು ಕಾಗದದಲ್ಲಿ ಬೆರಳು ತೆಗೆಯುವ ಮಾತು ಇತ್ತಾ ಅಂತಲೂ ಆಗ ಗೊತ್ತಾಗುತ್ತದೆ. ಇದ್ದರೂ ಇರಬಹುದು. ಇಂಗ್ಲಿಷಿನಲ್ಲಿ, ರಾತ್ರಿ ಹನ್ನೊಂದಕ್ಕೆ, ಹೆದರಿದವರ ಕೈಯಲ್ಲಿ ಯಾರಾದರೂ ನಾಲ್ಕು ಹಾಳೆ ಓದುತ್ತಾರಾ? ಓದಿ ಹೇಳುವುದು ಸಹಿ ಹಾಕಿಸುವವರ ಕೆಲಸ. ಬೆರಳು ತೆಗೆಯಬೇಕಾಗಬಹುದು ಅನ್ನುವ ಒಂದು ಮಾತನ್ನು ಅಮ್ಮನಿಗೆ ತಿಳಿಯುವ ಭಾಷೆಯಲ್ಲಿ ಹೇಳಲಿಕ್ಕೆ ಬೆಳಗಿನ ತನಕ ಸಮಯ ಇತ್ತು. ಅವರು ಹೇಳಬೇಕಿತ್ತು.

ಇನ್ನು ಹೇಳಲಿಕ್ಕೆ ಕಷ್ಟವಾಗುವ ಮಾತು. ಹೇಳಬೇಡಿ ಅಂದವರು ನೀವೂ ಹೌದು.

ನೀವು ಪ್ರೀತಿಯಿಂದಲೇ ಹಾಗೆ ಹೇಳಿದ್ದು ಅಂತ ಗೊತ್ತು. ನಮ್ಮ ಜಿಲ್ಲೆಯಲ್ಲಿ ಹಾಗೆ ಮಾಡದ ಮನೆ ನಾನು ನೋಡಿಲ್ಲ. ಅಪ್ಪನಿಗೆ ಕ್ಯಾನ್ಸರ್ ಅಂದರೆ ಅಪ್ಪನೊಬ್ಬನಿಗೆ ಬಿಟ್ಟು ಬೊಂಬಾಯಿಯ ಚಿಕ್ಕಪ್ಪನಿಗೂ ದುಬೈಯ ಅಳಿಯನಿಗೂ ಗೊತ್ತಿರುತ್ತದೆ. ಡಾಕ್ಟರು ರೌಂಡ್ಸಿಗೆ ಬಂದರೆ ನಾವು ಕಣ್ಣಲ್ಲೇ ಸನ್ನೆ ಮಾಡಿ ವರಾಂಡಕ್ಕೆ ಕರೆದುಕೊಂಡು ಹೋಗುತ್ತೇವೆ. ಮಂಚದ ಮೇಲಿದ್ದವರು ಬಾಗಿಲನ್ನೇ ನೋಡುತ್ತಾ ಇರುತ್ತಾರೆ. ಒಳಗೆ ಬಂದು "ಏನೂ ಇಲ್ಲವಂತೆ" ಅನ್ನುತ್ತೇವೆ. ಅವರು ನಂಬಿದ ಹಾಗೆ ಮಾಡುತ್ತಾರೆ.

ನಾನೂ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನ ಅಪ್ಪನಿಗೆ ಹರ್ನಿಯಾ ಆಪರೇಷನ್ ಅಂತ ದಿನ ಗೊತ್ತಾಗಿತ್ತು. ಡಾಕ್ಟರು ಅಪ್ಪನ ಎದುರೇ ನನ್ನನ್ನು ಕೇಳಿದರು, "ಇವರು ಏನೇನು ಮಾತ್ರೆ ತಗೊಳ್ತಾರೆ?" ಬಿ.ಪಿ.ಯದ್ದು ಒಂದೇ ಅಂತ ನಾನು ತಟ್ಟನೆ ಹೇಳಿದೆ. ಅವರು ಬರೆದುಕೊಂಡರು. ಅಪ್ಪ ಪಕ್ಕದ ಕುರ್ಚಿಯಲ್ಲಿ ಸುಮ್ನೆ ಕೂತಿದ್ದರು. ಆಪರೇಷನ್ನಿನ ಹಿಂದಿನ ರಾತ್ರಿ ಒಬ್ಬಳು ನರ್ಸ್ ಬಂದಳು. ಬೆಳ್ತಂಗಡಿ ಕಡೆಯ ಹುಡುಗಿ. ಅಪ್ಪನ ಹತ್ತಿರ ಕೂತು ತುಳುವಿನಲ್ಲಿ ಊರು, ಗದ್ದೆ, ಮಕ್ಕಳು ಅಂತ ಮಾತಾಡುತ್ತಾ ಮಾತ್ರೆಯ ವಿಷಯ ಕೇಳಿದಳು. ಅಪ್ಪ ದಿಂಬಿನ ಅಡಿಯಿಂದ ಒಂದು ಪ್ಲಾಸ್ಟಿಕ್ ತೊಟ್ಟೆ ತೆಗೆದರು. ಅದರಲ್ಲಿ ಹೃದಯದ ಡಾಕ್ಟರು ಬೇರೆ ಆಸ್ಪತ್ರೆಯಲ್ಲಿ ಬರೆದುಕೊಟ್ಟ, ರಕ್ತ ತೆಳು ಮಾಡುವ ಮಾತ್ರೆ ಇತ್ತು. ಆವತ್ತು ಬೆಳಿಗ್ಗೆಯೂ ತಗೊಂಡಿದ್ದರು. ಆಪರೇಷನ್ ಒಂದು ವಾರ ಮುಂದೆ ಹೋಯಿತು. ಆ ಹುಡುಗಿ ಕೇಳದಿದ್ದರೆ ಏನಾಗುತ್ತಿತ್ತೋ. "ಮೊದಲೇ ಯಾಕೆ ಹೇಳಲಿಲ್ಲ?" ಅಂತ ನಾನು ಅಪ್ಪನ ಮೇಲೆ ರೇಗಿದೆ. ಅಪ್ಪ ಒಂದೇ ಮಾತು ಹೇಳಿದರು. "ಎನಡ ಏರ್ಲಾ ಕೇಂಡಿಜೆರ್." ನನ್ನ ಹತ್ತಿರ ಯಾರೂ ಕೇಳಲಿಲ್ಲ.

ಡಾಕ್ಟರೂ ಕೇಳಲಿಲ್ಲ, ಮಗನಾದ ನಾನೂ ಕೇಳಲಿಲ್ಲ. ಆಮೇಲೆ ಅಪ್ಪನ ಜೊತೆ ಎಷ್ಟೋ ಸಲ ಆಸ್ಪತ್ರೆಗೆ ಹೋಗಿದ್ದೇನೆ. ಅವರ ಪರವಾಗಿ ಮತ್ತೆ ಉತ್ತರ ಕೊಡಲಿಲ್ಲ.

ಹಾಗಾಗಿ ನೀವು "ನಮಗೆ ಹಕ್ಕು ಇದೆಯಾ" ಅಂತ ಕೇಳಿದಾಗ ನನಗೆ ಹೇಳಬೇಕು ಅನ್ನಿಸಿದ್ದು ಇದು: ಹಕ್ಕು ಇದೆ, ಅದು ಅಮ್ಮನದ್ದು. ಮಕ್ಕಳು 18 ತುಂಬದವರಾದರೆ ತಂದೆತಾಯಿ ಸಹಿ ಹಾಕುತ್ತಾರೆ. ಪ್ರಜ್ಞೆ ಇಲ್ಲದೆ, ಎಚ್ಚರ ಬರುವ ತನಕ ಕಾಯಲಿಕ್ಕೂ ಆಗದ ಸ್ಥಿತಿಯಲ್ಲಿ ಇದ್ದವರಿಗೆ ಹತ್ತಿರದವರು ಹಾಕುತ್ತಾರೆ. 68 ವರ್ಷದ, ಗಂಜಿ ಕೇಳುವ ಅಮ್ಮನಿಗೆ ಅಮ್ಮನೇ ಹಾಕಬೇಕು. ಓದಲಿಕ್ಕೆ ಬರೆಯಲಿಕ್ಕೆ ಬಾರದಿದ್ದರೆ ಹೆಬ್ಬೆಟ್ಟು ಒತ್ತಲಿ. ಕೆಲವರು ಹೇಳುವುದಿದೆ, "ನನಗೆ ಅದೆಲ್ಲ ಬೇಡ ಮಗಾ, ನೀನೇ ನೋಡಿಕೋ" ಅಂತ. ಅದೂ ಆಗಬಹುದು. ಆದರೆ ಆ ಮಾತು ಅವರ ಬಾಯಿಂದ ಬರಬೇಕು. ಮುಂದೊಂದು ದಿನ ಮಾತಾಡಲಿಕ್ಕೇ ಆಗದ ಸ್ಥಿತಿ ಬಂದರೆ ಏನು ಮಾಡಬೇಕು, ಏನು ಬೇಡ ಅಂತ ಈಗಲೇ ಬರೆದಿಡಲಿಕ್ಕೂ ಅವಕಾಶ ಇದೆ. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಒಪ್ಪಿತು, 2023ರಲ್ಲಿ ವಿಧಾನವನ್ನು ಸ್ವಲ್ಪ ಸುಲಭ ಮಾಡಿತು. ನಮ್ಮ ರಾಜ್ಯ ಸರಕಾರ 2025ರ ಜನವರಿಯಲ್ಲಿ ಅದಕ್ಕೆ ಆದೇಶ ಹೊರಡಿಸಿತು. ಬಾಯಿ ಕಟ್ಟಿದ ಮೇಲೂ ರೋಗಿಯ ಮಾತನ್ನೇ ಹುಡುಕಬೇಕು ಅಂತ ಕಾನೂನು ಹೇಳುವಾಗ, ಬಾಯಿ ಇರುವವರನ್ನು ನಾವು ಕೇಳದೆ ಇರುವುದು ಸರಿಯಾ?

ಭಾಷೆಯ ವಿಷಯ ಬೇರೆಯಾಗಿಯೇ ಹೇಳಬೇಕು. ನಮ್ಮದು ಆಸ್ಪತ್ರೆಗಳ ಊರು. ಮಂಗಳೂರಿನ ಸರಕಾರಿ ಆಸ್ಪತ್ರೆ ವೆನ್ಲಾಕ್ ಶುರುವಾದದ್ದು 1848ರಲ್ಲಿ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಔಷಧ ಕೊಡಲಿಕ್ಕೆ ಶುರು ಮಾಡಿದರು. 1953ರಲ್ಲಿ ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ತೆರೆದರು. ಈಗ ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದವರೆಲ್ಲ ಇಲ್ಲಿಗೇ ಬರುತ್ತಾರೆ. ಓದಲಿಕ್ಕೆ ದೇಶದ ಎಲ್ಲ ಕಡೆಯ ಹುಡುಗ ಹುಡುಗಿಯರು ಬರುತ್ತಾರೆ. ಒಂದೇ ವಾರ್ಡಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಕೇಳುತ್ತದೆ. ಡಾಕ್ಟರು ಹಿಂದಿಯಲ್ಲಿ ಕೇಳುತ್ತಾರೆ, ಮಗಳು ಕನ್ನಡದಲ್ಲಿ ಹೇಳುತ್ತಾಳೆ, ಅಮ್ಮನಿಗೆ ತುಳು ಮಾತ್ರ ಸಲೀಸು. ಈ ಮೂರು ಮೆಟ್ಟಿಲು ಇಳಿಯುವಾಗ ಅರ್ಧ ಮಾತು ಸೋರಿಹೋಗುತ್ತದೆ. ತನಗೆ ಅರ್ಥವಾಗುವ ಭಾಷೆಯಲ್ಲಿ ಕೇಳಿ ತಿಳಿಯುವುದು ರೋಗಿಯ ಹಕ್ಕು, ಸನ್ನದಿನಲ್ಲೂ ಇದೆ. ಡಾಕ್ಟರಿಗೆ ತುಳು ಬಾರದಿದ್ದರೆ ಬರುವ ನರ್ಸನ್ನೋ ಆಯಾನನ್ನೋ ಕರೆಸಿ ಅಂತ ಕೇಳಬಹುದು. ನಮ್ಮ ಆಸ್ಪತ್ರೆಗಳಲ್ಲಿ ಅಂಥವರು ಇದ್ದೇ ಇರುತ್ತಾರೆ. ಕೇಳಲಿಕ್ಕೆ ಹಿಂಜರಿಯಬೇಡಿ.

ಕಷಾಯದ ವಿಷಯ. ನೀವು ಮುಚ್ಚಿಟ್ಟದ್ದು ಸರಿಯಾಗಲಿಲ್ಲ. ಇದನ್ನು ಮೆತ್ತಗೆ ಹೇಳಲಿಕ್ಕೆ ನನಗೆ ಬರುವುದಿಲ್ಲ. ಮಾತ್ರೆ ಬಿಟ್ಟು ಮೂರು ತಿಂಗಳಾಗಿದೆ ಅಂತ ಗೊತ್ತಿಲ್ಲದ ಡಾಕ್ಟರು, ಮಾತ್ರೆ ತಗೊಂಡೂ ಶುಗರ್ ಇಷ್ಟಿದೆ ಅಂತ ತಿಳಿದು ಲೆಕ್ಕ ಹಾಕುತ್ತಾರೆ. ಇನ್ಸುಲಿನ್ ಎಷ್ಟು ಕೊಡಬೇಕು ಅನ್ನುವುದೂ ಆ ಲೆಕ್ಕದ ಮೇಲೆ. ಮಾನವ ಹಕ್ಕುಗಳ ಆಯೋಗದ ಅದೇ ಸನ್ನದಿನಲ್ಲಿ ರೋಗಿಯ ಜವಾಬ್ದಾರಿಗಳೂ ಇವೆ. ಆರೋಗ್ಯದ ವಿಷಯ ಏನನ್ನೂ ಮುಚ್ಚಿಡದೆ ಹೇಳಬೇಕು ಅನ್ನುವುದು ಅದರಲ್ಲಿ ಮುಖ್ಯವಾದದ್ದು. ನಾಟಿಮದ್ದು, ಕಷಾಯ, ಕೀಲುನೋವಿಗೆ ಯಾರೋ ಕೊಟ್ಟ ಪುಡಿ, ಕುಡಿತ, ಬೀಡಿ, ಯಾವುದೋ ಇಂಜೆಕ್ಷನ್ನಿಗೆ ಮೈಯೆಲ್ಲ ದದ್ದು ಎದ್ದದ್ದು, ಎಲ್ಲ ಹೇಳಬೇಕು. ಬೈದರೆ ಬೈಯಲಿ. ಹಾಗೆ ನೋಡಿದರೆ ಬೈಯುವುದು ಡಾಕ್ಟರಿಗೂ ಸರಿಯಲ್ಲ. ಬೈದರೆ ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ. ಈ ಪತ್ರಿಕೆ ಓದುವ ಡಾಕ್ಟರುಗಳು ತುಂಬ ಜನ ಇದ್ದಾರೆ, ಅವರಿಗೂ ಈ ಮಾತು ತಲುಪಲಿ. ಕಷಾಯ ಕುಡಿದ ಹೆಂಗಸನ್ನು ಎಲ್ಲರೆದುರು ಗದರಿಸಬೇಡಿ. ಯಾಕೆ ಕುಡಿದಿರಿ ಅಂತ ಕೇಳಿ. ಮಾತ್ರೆಗೆ ದುಡ್ಡಿರಲಿಲ್ಲವೋ, ಮಾತ್ರೆಯಿಂದ ಹೊಟ್ಟೆ ಕೆಟ್ಟಿತ್ತೋ, ಗೊತ್ತಾಗುತ್ತದೆ.

ನಿಮ್ಮ ತಮ್ಮನ ವಿಷಯ. ನೋವಿನಲ್ಲಿ ಕೂಗಿದ ಅಂತ ತಿಳಿಯಬಲ್ಲೆ. ಆದರೆ ಕೈ ಎತ್ತಲಿಕ್ಕೆ ಹೋದದ್ದು ತಪ್ಪು, ಮತ್ತು ಅಪರಾಧ. ಡಾಕ್ಟರು, ನರ್ಸುಗಳ ಮೇಲೆ ಹಲ್ಲೆ ಮಾಡಿದವರಿಗೆ ನಮ್ಮ ರಾಜ್ಯದಲ್ಲಿ 2009ರಿಂದಲೇ ಬೇರೆ ಕಾನೂನು ಇದೆ. ಜೈಲೂ ಇದೆ, ದಂಡವೂ ಇದೆ. ಅದಕ್ಕಿಂತ ಹೆಚ್ಚಿನದು ಇನ್ನೊಂದಿದೆ. ಆವತ್ತು ಎದುರಿಗಿದ್ದ ಡ್ಯೂಟಿ ಡಾಕ್ಟರು ಆ ಆಪರೇಷನ್ ತೀರ್ಮಾನ ಮಾಡಿದವರು ಆಗಿರುವುದು ಕಡಿಮೆ. ಬಹುಶಃ ಎಲ್ಲೋ ದೂರದಿಂದ ಬಂದು ಓದುತ್ತಿರುವ, ರಾತ್ರಿಯೆಲ್ಲ ನಿದ್ದೆ ಇಲ್ಲದ ಹುಡುಗನೋ ಹುಡುಗಿಯೋ ಆಗಿರುತ್ತಾರೆ. ನಿಮ್ಮ ತಮ್ಮ ಹೋಗಿ ಅವರ ಹತ್ತಿರ ಕ್ಷಮೆ ಕೇಳಿದರೆ ಒಳ್ಳೆಯದು. ದೂರು ಕೊಡುವ ಹಕ್ಕು ಅದರಿಂದ ಒಂದಿಷ್ಟೂ ಕಡಿಮೆ ಆಗುವುದಿಲ್ಲ.

ದುಡ್ಡಿನ ವಿಷಯ ನೀವು ಬರೆದಿಲ್ಲ. ಆದರೆ ಬೇರೆ ಓದುಗರು ಕೇಳುತ್ತಲೇ ಇರುತ್ತಾರೆ, ಹಾಗಾಗಿ ನಾಲ್ಕು ಮಾತು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು, 2017ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ತುರ್ತು ಚಿಕಿತ್ಸೆಗೆ ಅಡ್ವಾನ್ಸ್ ಕಟ್ಟಿ ಅಂತ ಪಟ್ಟು ಹಿಡಿಯುವ ಹಾಗಿಲ್ಲ. ರೋಗಿ ತೀರಿಕೊಂಡರೆ ಬಿಲ್ಲು ಬಾಕಿ ಇದೆ ಅಂತ ಶವ ಇಟ್ಟುಕೊಳ್ಳುವ ಹಾಗಿಲ್ಲ, ಬಾಕಿಯನ್ನು ಆಮೇಲೆ ವಸೂಲಿ ಮಾಡಬಹುದು. ಅಪಘಾತದ ಗಾಯಾಳುವಿಗೆ ಮೊದಲು ಚಿಕಿತ್ಸೆ, ಪೊಲೀಸು ಕಾಗದಪತ್ರ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ, ಸರಕಾರಿ ಖಾಸಗಿ ಎರಡಕ್ಕೂ. ಬಿಲ್ಲು ಬಿಡಿಬಿಡಿಯಾಗಿ ಕೊಡಿ ಅಂತ ಕೇಳಬಹುದು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ಖರ್ಚು ಸಿಗುತ್ತದೆ. ಸೇರಿಸುವ ದಿನವೇ ರೇಷನ್ ಕಾರ್ಡು, ಆಧಾರ್ ಹಿಡಿದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ನೋಡಬೇಕು. ಡಿಸ್ಚಾರ್ಜ್ ದಿನ ಹೋದರೆ ಕೆಲಸ ಕೆಡುತ್ತದೆ.

ಈಗ ದೂರು. ಫೈಲು ಕೈಗೆ ಬಂದು, ಇನ್ನೊಬ್ಬ ಡಾಕ್ಟರು ಓದಿ ನೋಡಿದ ಮೇಲೂ ನಿಮಗೆ ಅನ್ಯಾಯ ಆಗಿದೆ ಅಂತ ಕಂಡರೆ ಮೊದಲು ಆಸ್ಪತ್ರೆಯ ಆಡಳಿತಕ್ಕೇ ಬರೆದು ಕೊಡಿ. ಸುಮಾರು ಜಗಳ ಅಲ್ಲೇ ಮುಗಿಯುತ್ತದೆ, ಯಾಕೆಂದರೆ ಹೆಚ್ಚಿನವರಿಗೆ ಬೇಕಾಗಿರುವುದು ಏನಾಯಿತು ಅಂತ ಒಬ್ಬರು ಕೂತು ಹೇಳುವುದು. ಅಲ್ಲಿ ಆಗದಿದ್ದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಖಾಸಗಿ ಆಸ್ಪತ್ರೆಗಳ ನೋಂದಣಿ ಮತ್ತು ಕುಂದುಕೊರತೆಯ ಪ್ರಾಧಿಕಾರ ಇದೆ. ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಬಹುದು. ಡಾಕ್ಟರರ ನಡವಳಿಕೆಯ ಬಗ್ಗೆ ಆದರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಪರಿಹಾರ ಬೇಕು ಅಂತಾದರೆ ಜಿಲ್ಲಾ ಗ್ರಾಹಕರ ಆಯೋಗ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ 1995ರಲ್ಲೇ ತೀರ್ಪಾಗಿದೆ. 2 ವರ್ಷದೊಳಗೆ ಹಾಕಬೇಕು. ಆಸ್ಪತ್ರೆಗೆ ಕಟ್ಟಿದ್ದು 5 ಲಕ್ಷದೊಳಗೆ ಆದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ. ಎಲ್ಲ ಕಡೆ ದೂರುದಾರರ ಜಾಗದಲ್ಲಿ ಅಮ್ಮನ ಹೆಸರು ಇರಲಿ. ದೂರು ಕೊಡಬೇಕೋ ಬೇಡವೋ ಅನ್ನುವುದನ್ನೂ ಅವರೇ ಹೇಳಲಿ. ಅವರಿಗೆ ದೂರು ಬೇಡದೆ, ಬರೀ ಉತ್ತರ ಬೇಕಾಗಿರಬಹುದು.

ಅಮ್ಮ ಸರಿಯಾಗಿ ಮಾತಾಡುತ್ತಿಲ್ಲ ಅಂತ ಬರೆದಿದ್ದೀರಿ. ನಾನು ಡಾಕ್ಟರಲ್ಲ, ಆದರೆ ನನ್ನ ಅಪ್ಪನ ಮುಖ ನೆನಪಾಗುತ್ತದೆ. ಇವತ್ತು ಸಂಜೆ ಅವರ ಹತ್ತಿರ ಕೂತು, ಆವತ್ತು ರಾತ್ರಿ ನಿಮಗೆ ಹೇಳದೆ ಸಹಿ ಹಾಕಿದೆ ಅಂತ ಹೇಳಿ. ಅವರು ಅತ್ತರೆ ಅಳಲಿ, ಸಿಟ್ಟು ಮಾಡಿದರೆ ಮಾಡಲಿ. ಡ್ರೆಸಿಂಗಿಗೆ ಮುಂದಿನ ಸಲ ಹೋಗುವಾಗ ಮಾತ್ರೆಗಳನ್ನೆಲ್ಲ, ಕಷಾಯದ ಬಾಟಲಿಯನ್ನೂ ಒಂದು ಚೀಲದಲ್ಲಿ ಹಾಕಿ ಅವರ ಕೈಗೇ ಕೊಡಿ. ಡಾಕ್ಟರ ಎದುರಿನ ಕುರ್ಚಿಯಲ್ಲಿ ಅವರನ್ನು ಕೂರಿಸಿ, ನೀವು ಹಿಂದೆ ನಿಲ್ಲಿ. ಡಾಕ್ಟರು ನಿಮ್ಮನ್ನು ನೋಡಿ ಏನಾದರೂ ಕೇಳಿದರೆ, "ಅಮ್ಮನನ್ನೇ ಕೇಳಿ ಡಾಕ್ಟ್ರೇ" ಅಂತ ಹೇಳಿ.

ಫೈಲು ಸಿಕ್ಕಿತಾ ಇಲ್ಲವಾ ಅಂತ ಎರಡು ಸಾಲು ಬರೆಯಿರಿ. ಸಿಗದಿದ್ದರೆ ಸೀಲು ಹಾಕಿಸಿದ ಅರ್ಜಿಯ ಪ್ರತಿ ಕಳಿಸಿ, ಮುಂದೆ ಏನು ಮಾಡಬೇಕು ಅಂತ ಒಟ್ಟಿಗೆ ನೋಡೋಣ.

ನಿಮ್ಮ,
ಸಂಪಾದಕ